ಕೋಟು ಕಾಯುವವನು

ಏಳೂವರೆಗೆ ಬರುತ್ತಾರೆ. ಬೆಳಕು ಆಗಷ್ಟೇ ಕಣ್ಣುಜ್ಜುತ್ತಿರುತ್ತದೆ,
ಡೊನೆಗಲ್ ದಂಡೆಯ ಫೆಬ್ರವರಿಯಲ್ಲಿ ಅದಕ್ಕೂ ಸೋಮಾರಿತನ.
ದೋಣಿ ಇಳಿಸುವ ಇಳಿಜಾರಿನ ಮೇಲೆ, ಹಳೆಯ ಬಲೆಗಳ ಪಕ್ಕ,
ನನ್ನ ಮಡಚುವ ಕುರ್ಚಿ. ಕಾಲ ಬಳಿ ಕೆಟಲು.
ನಾನು ಈಜುವುದಿಲ್ಲ. ಯಾಕೆಂದು ಹನ್ನೊಂದು ವರ್ಷದಲ್ಲಿ
ಒಬ್ಬರೂ ಕೇಳಿಲ್ಲ; ಆದ್ದರಿಂದಲೇ ಬರುತ್ತೇನೆ.

ಮೊದಲು ಡರ್ವ್ಲಾ ಕನ್ನಡಕ ಕೊಡುತ್ತಾಳೆ,
ಕೊಟ್ಟ ಕೂಡಲೇ ನನ್ನ ಮುಖ ಅವಳಿಗೆ ಬರೀ ಮಸುಕು.
ಕೋಲಮ್ ಕಿವಿಯ ಯಂತ್ರ ಬಿಚ್ಚಿ ಅಂಗೈಗಿಡುತ್ತಾನೆ,
ಅಲ್ಲಿಂದ ಮುಂದೆ ಯಾರು ಏನಂದರೂ ನಗುತ್ತಾನೆ.
ಅಟ್ರಾಕ್ಟಾಳ ಮೇಲಿನ ಸಾಲು ಹಲ್ಲು, ಕರವಸ್ತ್ರದಲ್ಲಿ ಸುತ್ತಿ;
ಹಿಂದಿನ ಜೊತೆಯನ್ನು ಅಲೆಯೊಂದು ಕಿತ್ತುಕೊಂಡಿತ್ತು,
ಈಗ ಯಾವ ಏಡಿ ಹಾಕಿಕೊಂಡಿದೆಯೋ.
ಫಿಡೆಲ್ಮಾಳ ಉಂಗುರ ಕೊನೆಗೆ.
ತಣ್ಣೀರಿಗೆ ಬೆರಳು ಸಣ್ಣಗಾಗುತ್ತದಂತೆ, ಜಾರಿದರೆ ಹೋಯಿತು.
ಎಡ ಜೇಬು ಅವಳದು. ನಲವತ್ತು ವರ್ಷ ಅಂಚೆ ಹಂಚಿದವನು ನಾನು,
ಯಾರದು ಯಾವುದು ಎಂಬುದರಲ್ಲಿ ತಪ್ಪಿದವನಲ್ಲ.

ಎಲ್ಲ ನನ್ನಲ್ಲಿ ಒತ್ತೆಯಿಟ್ಟು
ಉಳಿದಷ್ಟೇ ಆಗಿ ನಡೆಯುತ್ತಾರೆ ನೀರಿನೊಳಕ್ಕೆ.
ಮೊಣಕಾಲಿಗೆ ಬೈಗುಳ. ಹೊಟ್ಟೆಗೆ ಬಂದಾಗ ಯೇಸುವಿನ ಹೆಸರು.
ಕತ್ತಿನ ತನಕ ಬಂದರೆ ಮಾತಿಲ್ಲ,
ಬರೀ ಉಸಿರು, ಹಸಿ ಮರಕ್ಕೆ ಸಿಕ್ಕ ಗರಗಸದ ಹಾಗೆ.
ಆಮೇಲೆ ಯಾರೋ ಒಬ್ಬರು, 'ಅಷ್ಟೇನಿಲ್ಲ ಇವತ್ತು.'
ಸುಳ್ಳು. ಎಂಟು ಡಿಗ್ರಿ. ನಾನೇ ಅಳೆದಿದ್ದೇನೆ.

ಹಳದಿ ತೇಲುಗುಂಡಿನ ತನಕ, ಮತ್ತೆ ವಾಪಸ್ಸು.
ಹೋದ ಬೇಸಿಗೆ ಡಬ್ಲಿನ್ನಿನ ಹುಡುಗನೊಬ್ಬ ಬಂದಿದ್ದ,
ಕೈಗೆ ಕಟ್ಟಿದ ಯಂತ್ರ ಎದೆಬಡಿತ ಎಣಿಸುತ್ತಿತ್ತು.
'ನೀವು ಯಾವುದಕ್ಕೆ ತಯಾರಿ ನಡೆಸಿದ್ದೀರಿ?' ಎಂದ.
ಅಟ್ರಾಕ್ಟಾ ಹಲ್ಲಿಲ್ಲದ ಬಾಯಲ್ಲಿ ಯೋಚಿಸಿ,
'ತಿಂಡಿಗೆ' ಎಂದಳು.

ಈಜುತ್ತ ಮಾತಾಡುತ್ತಾರೆ. ಮೊಮ್ಮಗನ ಪರೀಕ್ಷೆ,
ಸೊಂಟದ ಆಪರೇಷನ್ನು, ಆಲೂಗಡ್ಡೆಯ ಬೆಲೆ.
ನೀರಿನ ಮೇಲೆ ಮಾತು ದೂರ ಬರುತ್ತದೆ.
ಸತ್ತ ಗಂಡನ ದನಿ ಮರೆಯುತ್ತಿದೆ ಎಂದು ಫಿಡೆಲ್ಮಾ
ಒಂದು ಬೆಳಗ್ಗೆ ಅಂದದ್ದು ನನಗಲ್ಲ.
ಅದನ್ನೂ ಜೇಬಿಗೆ ಹಾಕಿಕೊಂಡೆ.

ನಾನು ಎಣಿಸುವುದು ತಲೆ. ಕೆಂಪು ಟೋಪಿ, ಕಿತ್ತಳೆ, ಬಿಳಿ,
ಮತ್ತೆ ಕೋಲಮನ ಬೋಳು.
ಈ ಮಂಗಳವಾರ ಮಂಜು ಬಂತು. ಬಂತು ಅಂದರೆ
ಮುಖದ ಮೇಲೆ ಬಾಗಿಲು ಹಾಕಿದ ಹಾಗೆ. ತೇಲುಗುಂಡಿಲ್ಲ, ಗೋಡೆಯಿಲ್ಲ,
ನನ್ನ ಬೂಟಿನ ಮೇಲೇ ನನಗೆ ಅನುಮಾನ.
ಬಿಸ್ಕತ್ತಿನ ಡಬ್ಬಿ ಎತ್ತಿ ಚಮಚದಲ್ಲಿ ಬಡಿದೆ,
ಒಳಗಿದ್ದದ್ದೆಲ್ಲ ಪುಡಿಯಾಗುವ ತನಕ ಬಡಿದೆ, ಹೆಸರು ಕೂಗಿದೆ,
ಮನೆ ನಂಬರಿನ ಸಮೇತ ಕೂಗಿದೆ, ಹಳೇ ಚಾಳಿ.
ಕೋಲಮನಿಗೆ ಕೇಳುವುದಿಲ್ಲ ಎಂದು ನೆನಪಾದದ್ದು ಆಮೇಲೆ;
ಅವನ ಕಿವಿ ನನ್ನ ಜೇಬಿನಲ್ಲಿ ಕುಂಯ್ ಎನ್ನುತ್ತಿತ್ತು.

ಬಂದರು. ಕೆಂಪು. ಬಿಳಿ. ಕಿತ್ತಳೆ, ಅದರ ಭುಜ ಹಿಡಿದ ಬೋಳು.
ನಾಲ್ಕು.
ಐದು.
ಐದನೆಯದಕ್ಕೆ ಮೀಸೆ.
ಸೀಲು ನನ್ನತ್ತ ಒಮ್ಮೆ ನೋಡಿ,
ಒತ್ತೆಯಿಡಲು ತನ್ನಲ್ಲಿ ಏನೂ ಇಲ್ಲವೆಂಬಂತೆ ಮುಳುಗಿತು.

ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು ಅನ್ನುತ್ತಾರೆ.
ಅಂದವರು ಮೇಲೆ ಬಂದು ನೋಡಿದವರಲ್ಲ.
ಚಳಿ ಹತ್ತುವುದು ಕೋಟು ಹಾಕಿ ಹತ್ತು ನಿಮಿಷ ಬಿಟ್ಟು,
ಲೋಟದ ಚಹಾ ಅರ್ಧ ಬಾಯಿಗೆ, ಅರ್ಧ ನೆಲಕ್ಕೆ.
ಗುಂಡಿ ಹಾಕಲು ಬಾರದ ಬೆರಳುಗಳು. ನಾನು ಹಾಕುತ್ತೇನೆ.
ಅಷ್ಟು ಹೊತ್ತೂ ನಗುತ್ತಲೇ ಇದ್ದರು, ಯಾಕೋ;
ಬಿಸ್ಕತ್ತಿನ ಪುಡಿಯನ್ನು ಅಂಗೈಯಿಂದ ನೆಕ್ಕಿದರು.

ಕನ್ನಡಕ ಕೊಟ್ಟೆ. ಕಿವಿ ಕೊಟ್ಟೆ. ಹಲ್ಲು ಕೊಟ್ಟೆ.
ರಾತ್ರಿ ಕೋಟನ್ನು ಮೊಳೆಗೆ ತಗುಲಿಸುವಾಗ
ಎಡ ಜೇಬಿನಲ್ಲಿ ಕೀಲಿಗೆ ತಾಗಿ ಟಣ್ ಎಂದದ್ದು
ಉಂಗುರ.
ಅವಳೂ ಕೇಳಲಿಲ್ಲ.
ಫೋನಿನ ಹತ್ತಿರ ಹೋದೆ, ಬಂದೆ.
ಕಿರುಬೆರಳಿಗೆ ಹಾಕಿ ನೋಡಿದೆ, ಗೆಣ್ಣಿನ ಹತ್ತಿರ ನಿಂತಿತು.
ಏಳೂವರೆಗೆ ಹೇಗೂ ಬರುತ್ತಾಳೆ.